ಕಡಲಿಲ್ಲದ ಊರಲ್ಲಿ ಪಡುವಣ

ಬೇಗಂಪೇಟೆಯಲ್ಲಿ ಯಾರನ್ನಾದರೂ ದಾರಿ ಕೇಳಿದರೆ ಅವರು ಮೊದಲು ನಮ್ಮನ್ನೇ ಒಂದು ಪ್ರಶ್ನೆ ಕೇಳುತ್ತಾರೆ. ತೆಲುಗಿನವರಾದರೆ ‘ಎಟ್ನುಂಚಿ ವಸ್ತುನ್ನರು?’, ಉರ್ದುವಿನವರಾದರೆ ‘ಕಾಂ ಸೆ ಆರೆ?’. ಯಾವ ಕಡೆಯಿಂದ ಬರುತ್ತಿದ್ದೀರಿ, ಪ್ಯಾರಡೈಸ್ ಕಡೆಯಿಂದಲೋ, ಅಮೀರ್‌ಪೇಟೆ ಕಡೆಯಿಂದಲೋ? ಊರಿಗೆ ಹೊಸಬಳಾಗಿದ್ದಾಗ ಈ ಪ್ರಶ್ನೆ ಕಿವಿಗೆ ಬಿದ್ದರೆ ಅಳುವೇ ಬರುತ್ತಿತ್ತು. ಯಾವ ಕಡೆಯಿಂದ ಬರುತ್ತಿದ್ದೇನೆಂದು ಗೊತ್ತಿದ್ದರೆ ನಾನು ದಾರಿ ಯಾಕೆ ಕೇಳುತ್ತಿದ್ದೆ?

ನನಗೆ ದಿಕ್ಕು ತಿಳಿಯುವುದಿಲ್ಲ. ಹೀಗೆಂದಾಗ ಜನ ನಗುತ್ತಾರೆ, ‘ಅಯ್ಯೋ, ನನಗೂ ಹಾಗೇ’ ಅನ್ನುತ್ತಾರೆ, ಆಮೇಲೆ ಸಲೀಸಾಗಿ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಮರೆವು ನನ್ನ ತೊಂದರೆಯಲ್ಲ. ಹೋದ ಅಂಗಡಿ ನೆನಪಿರುತ್ತದೆ, ಗಲ್ಲಾದಲ್ಲಿ ಕೂತವನ ಮುಖ, ಅವನು ಚಿಲ್ಲರೆಯ ಬದಲು ಕೊಟ್ಟ ಪೆಪ್ಪರಮಿಂಟು, ಹಿಂದಿನ ಗೋಡೆಯ ಕ್ಯಾಲೆಂಡರು ಎಲ್ಲವೂ ನೆನಪಿರುತ್ತವೆ. ಆ ಅಂಗಡಿಯಿಂದ ಹೊರಬಿದ್ದು ಎತ್ತ ತಿರುಗಿದರೆ ಮನೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಹೋದ ದಾರಿಯಲ್ಲೇ ಮರಳಿ ಬರುವಾಗ ಅದು ಬೇರೆಯೇ ರಸ್ತೆಯಾಗಿರುತ್ತದೆ. ಒಂದು ಬಾಗಿಲಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಂದೆನೋ, ಊರೇ ಮಗ್ಗುಲು ಬದಲಿಸಿರುತ್ತದೆ. ಉಳಿದವರ ತಲೆಯಲ್ಲಿ ಸ್ಥಳಗಳು ಒಂದಕ್ಕೊಂದು ಕೂಡಿಕೊಂಡು ಕೂತಿರುತ್ತವಂತೆ. ನನ್ನ ತಲೆಯಲ್ಲಿ ಅವು ದಾರ ಹರಿದ ಮಣಿಗಳ ಹಾಗೆ ಬಿಡಿಬಿಡಿಯಾಗಿ ಬಿದ್ದಿವೆ.

ಇದರ ಬಗ್ಗೆ ವಿಜ್ಞಾನಿಗಳು ಬಹಳ ತಲೆ ಕೆಡಿಸಿಕೊಂಡಿದ್ದಾರೆಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಇಲಿಗಳು ಕೂಡ ಬರೀ ತಿರುವುಗಳನ್ನು ಉರುಹೊಡೆಯದೆ ತಲೆಯೊಳಗೆ ಒಂದು ನಕಾಶೆ ಬರೆದುಕೊಳ್ಳುತ್ತವೆ ಎಂದು ಅಮೆರಿಕದ ಎಡ್ವರ್ಡ್ ಟೋಲ್ಮನ್ 1948ರಲ್ಲಿ ವಾದಿಸಿದರು. ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ನರಕೋಶಗಳನ್ನು ಲಂಡನ್ನಿನಲ್ಲಿ ಜಾನ್ ಓಕೀಫ್ 1971ರಲ್ಲಿ ಇಲಿಯ ಮಿದುಳಿನಲ್ಲಿ ತೋರಿಸಿದರು. ನೆಲವನ್ನೇ ಚೌಕಟ್ಟು ಹಾಕಿ ಅಳೆಯುವಂಥ ಇನ್ನೊಂದು ಬಗೆಯ ಕೋಶಗಳನ್ನು ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 2005ರಲ್ಲಿ ಕಂಡುಕೊಂಡರು. ಓಕೀಫ್ ಮತ್ತು ಮೋಸರ್‌ಗಳಿಬ್ಬರು, ಈ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ನನಗೆ ಹೆಚ್ಚು ಆಪ್ತವೆನಿಸಿದ್ದು ಕೆನಡಾದಲ್ಲಿ ಜ್ಯೂಸೆಪ್ಪೆ ಇಯಾರಿಯಾ ಮತ್ತು ಸಂಗಡಿಗರು 2009ರಲ್ಲಿ ಬರೆದ ಒಬ್ಬ ಹೆಂಗಸಿನ ಕಥೆ. ಬುದ್ಧಿಯಲ್ಲಿ ಕೊರತೆಯಿಲ್ಲ, ಮಿದುಳಿಗೆ ಪೆಟ್ಟು ಬಿದ್ದಿಲ್ಲ, ಆದರೂ ಬಾಲ್ಯದಿಂದ ಗೊತ್ತಿದ್ದ ಜಾಗಗಳಲ್ಲೇ ಆಕೆ ಕಳೆದುಹೋಗುತ್ತಿದ್ದಳು. ನನ್ನದು ಅಷ್ಟು ಮುಂದುವರಿದಿಲ್ಲ. ಆದರೆ ಆಕೆ ಎದುರು ಸಿಕ್ಕಿದ್ದರೆ ನಮ್ಮಿಬ್ಬರ ಮಾತು ಬೇಗ ಮುಗಿಯುತ್ತಿರಲಿಲ್ಲ.

ತಮಾಷೆಯೆಂದರೆ, ದಾರಿ ತಪ್ಪಲು ಅವಕಾಶವೇ ಇಲ್ಲದ ಸೀಮೆಯವಳು ನಾನು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆ ಸಿಗುತ್ತದೆ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಹೊಳೆ ಕಡಲಿನ ಮಗ್ಗುಲಿಗೇ ಬಂದು, ಸೇರದೆ ಮುಖ ತಿರುಗಿಸಿ, ಗಂಗೊಳ್ಳಿಗೆ ಹೋಗಿ ಸೇರುತ್ತದೆ. ಅದರ ಆಸುಪಾಸಿನಲ್ಲೇ ನಮ್ಮ ಮನೆ. ಅಲ್ಲಿ ಎಡ, ಬಲ ಎಂಬ ಮಾತು ಕೈಕಾಲುಗಳಿಗೆ ಬಿಟ್ಟರೆ ಬೇರೆಲ್ಲೂ ಹೆಚ್ಚಾಗಿ ಬರುತ್ತಿರಲಿಲ್ಲ. ‘ಹಿಡಿಸೂಡಿ ಎಲ್ಲಿತ್ತ್?’ ಎಂದರೆ ಅಜ್ಜಿ ಕೂತಲ್ಲಿಂದಲೇ ‘ಬಡ್ಗ್ ಬದಿ ಗ್ವಾಡಿಗ್ ಇತ್ತ್ ಕಾಣ್’ ಅನ್ನುತ್ತಿದ್ದರು. ಊಟದ ಪಂಕ್ತಿಯಲ್ಲಿ ‘ಚೂರು ತೆಂಕ್ ಬದಿಗೆ ಸರಿ’ ಎಂದರೆ ಎಲ್ಲರೂ ಒಂದೇ ಕಡೆಗೆ ಸರಿಯುತ್ತಿದ್ದರು, ನಾನು ಪಕ್ಕದವರು ಸರಿದದ್ದನ್ನು ನೋಡಿ ಸರಿಯುತ್ತಿದ್ದೆ. ಮನೆಗಳಿಗೆ ಪಡುಮನೆ, ಬಡಾಮನೆ ಎಂದು ಹೆಸರು. ಊರುಗಳೂ ಹಾಗೆಯೇ: ಮೂಡುಬಿದಿರೆ, ಪಡುಬಿದ್ರಿ, ತೆಂಕನಿಡಿಯೂರು, ಬಡಾನಿಡಿಯೂರು. ಯಕ್ಷಗಾನದ ತಿಟ್ಟುಗಳು ಕೂಡ ತೆಂಕು, ಬಡಗು. ಅಪ್ಪಯ್ಯನ ಪೆಟ್ಟಿಗೆಯಲ್ಲಿದ್ದ ಜಾಗದ ಕ್ರಯಪತ್ರದಲ್ಲಿ ಚಕ್ಕುಬಂದಿ ಎಂಬ ಭಾಗವಿತ್ತು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ತೋಡು, ದಕ್ಷಿಣಕ್ಕೆ ಇಂಥವರ ತೋಟ. ನಮ್ಮ ಜಾಗ ಯಾವುದೆಂಬುದು ನೆರೆಯವರಿಂದ ತೀರ್ಮಾನವಾಗುತ್ತಿತ್ತು.

ಆಸ್ಟ್ರೇಲಿಯದ ಈಶಾನ್ಯದಲ್ಲಿ ಗೂಗು ಇಮಿದಿರ್ ಎಂಬ ಮೂಲನಿವಾಸಿಗಳಿದ್ದಾರೆ. ಕಾಂಗರೂ ಎಂಬ ಹೆಸರನ್ನು ಕ್ಯಾಪ್ಟನ್ ಕುಕ್‌ನ ತಂಡ 1770ರಲ್ಲಿ ಬರೆದುಕೊಂಡದ್ದು ಇವರ ಭಾಷೆಯಿಂದಲೇ. ಅವರೂ ಎಡಬಲಗಳನ್ನು ಬಿಟ್ಟು ನಾಲ್ಕು ದಿಕ್ಕುಗಳಲ್ಲೇ ಮಾತಾಡುವವರೆಂದು ಭಾಷಾವಿಜ್ಞಾನಿಗಳು ಬೆರಗಿನಿಂದ ಬರೆದಿದ್ದಾರೆ. ನಮ್ಮಜ್ಜಿಯ ಮುಂದೆ ಅದನ್ನು ಓದಿದ್ದರೆ, ಇದರಲ್ಲಿ ಬೆರಗಾಗಲು ಏನಿದೆ ಎಂದು ಕೇಳುತ್ತಿದ್ದರು.

ಇಷ್ಟೆಲ್ಲ ದಿಕ್ಕುಗಳ ನಡುವೆ ಬೆಳೆದ ನನಗೆ ನಿಜಕ್ಕೂ ಗೊತ್ತಿದ್ದದ್ದು ಒಂದೇ: ಕಡಲು ಮೊರೆಯುವ ಕಡೆ ಪಡು. ಉಳಿದ ಮೂರನ್ನು ಅದರಿಂದ ಲೆಕ್ಕ ಹಾಕುತ್ತಿದ್ದೆ. ಮಳೆಗಾಲದಲ್ಲಿ ಲೆಕ್ಕ ಸುಲಭ. ಬೇಸಿಗೆಯ ಮಧ್ಯಾಹ್ನ ಕಡಲು ಸುಮ್ಮನಾದರೆ ನಾನೂ ಅಂಗಳದಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ‘ಹೆಣೆ, ಎಂತಕ್ ನಿಂತದ್?’ ಎಂದು ಯಾರಾದರೂ ಕೇಳಿದರೆ, ದಿಕ್ಕು ಕೇಳಿಸಲಿ ಎಂದು ಕಾಯುತ್ತಿದ್ದೇನೆ ಅನ್ನುವುದಾದರೂ ಹೇಗೆ!

ಬೇಗಂಪೇಟೆಗೆ ಬಂದದ್ದು 2002ರಲ್ಲಿ, ಸರ್ದಾರ್ ಪಟೇಲ್ ರಸ್ತೆಯ ಒಂದು ಕಚೇರಿಯ ಲೆಕ್ಕಪತ್ರದ ಕೆಲಸಕ್ಕೆ. ಪ್ರಕಾಶ್ ನಗರದ ಒಳಸಂದಿಯಲ್ಲಿ ಕೋಣೆ. ಇಲ್ಲಿ ನೀರೆಂದರೆ ಹುಸೇನ್ ಸಾಗರ, ಆದರೆ ಅದು ಸದ್ದು ಮಾಡುವ ಜಾತಿಯದಲ್ಲ. ಕಡಲಿನ ಜಾಗವನ್ನು ತುಂಬಿದ್ದು ವಿಮಾನಗಳು. ಆಗ ಹೈದರಾಬಾದಿನ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು, ಏರುತ್ತಿದ್ದದ್ದು ಬೇಗಂಪೇಟೆಯಲ್ಲೇ. ಊರಿನ ನಟ್ಟನಡುವೆ, ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗೆ ತಾಗುತ್ತವೇನೋ ಎಂಬಷ್ಟು ಕೆಳಗೆ ಹಾರುತ್ತಿದ್ದವು. ಮಾತಾಡುತ್ತಿದ್ದವರು ಅರ್ಧ ವಾಕ್ಯದಲ್ಲಿ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಉಳಿದರ್ಧ ಮುಂದುವರಿಸುತ್ತಿದ್ದರು. ನಮ್ಮ ಕಚೇರಿಯಲ್ಲಿ ವಾಯುದಳದಿಂದ ನಿವೃತ್ತರಾಗಿ ಬಂದ ಹಿರಿಯರೊಬ್ಬರಿದ್ದರು. ನನ್ನ ಪಾಡು ಕಂಡು ಒಂದು ಉಪಾಯ ಹೇಳಿಕೊಟ್ಟರು. ರನ್‌ವೇಗಳಿಗೆ ಹೆಸರಿಡುವುದು ದಿಕ್ಸೂಚಿಯ ಡಿಗ್ರಿಯಿಂದ, ಕೊನೆಯ ಅಂಕೆ ಬಿಟ್ಟು. ಬೇಗಂಪೇಟೆಯದು 09 ಮತ್ತು 27, ಅಂದರೆ 90 ಡಿಗ್ರಿ ಮತ್ತು 270 ಡಿಗ್ರಿ. ‘ಪೂರ್ವ, ಪಶ್ಚಿಮ. ಆಕಾಶದಲ್ಲೇ ಗೆರೆ ಎಳೆದಿದ್ದಾರಮ್ಮಾ, ಇನ್ನೇನು ಬೇಕು ನಿಮಗೆ?’ ಎಂದರು.

ಅಲ್ಲಿಂದ ನನ್ನ ಒಳ್ಳೆಯ ಕಾಲ ಶುರುವಾಯಿತು. ವಿಮಾನ ನಿಲ್ದಾಣ ಮುಖ್ಯರಸ್ತೆಯ ಬಡಗಿಗೆ, ರೈಲು ನಿಲ್ದಾಣ ತೆಂಕಿಗೆ, ಪ್ಯಾರಡೈಸ್ ಮೂಡಿಗೆ. ಸಂದಿಯೊಳಗೆ ಸಿಕ್ಕಿಬಿದ್ದಾಗ ನಿಂತು ಕೇಳುತ್ತಿದ್ದೆ. ಎಂಜಿನ್ನಿನ ಗುಡುಗು ಇರುವ ಕಡೆ ಬಡಗು, ಮುಖ್ಯರಸ್ತೆಗೆ ಹೋಗಲು ಅದರತ್ತ ನಡೆಯಬೇಕೋ ಅದಕ್ಕೆ ಬೆನ್ನು ಹಾಕಬೇಕೋ ಎಂಬ ಒಂದೇ ತೀರ್ಮಾನ ಬಾಕಿ ಇರುತ್ತಿತ್ತು. ಆದರೆ ಈ ಲೆಕ್ಕ ಫ್ಲೈಓವರ್‌ವರೆಗೆ ಮಾತ್ರ. ಪ್ಯಾರಡೈಸಿನಿಂದ ಹೆಚ್ಚುಕಡಿಮೆ ನೆಟ್ಟಗೆ ಪಡುವಣಕ್ಕೆ ಬರುವ ರಸ್ತೆ ರೈಲುಹಳಿ ದಾಟುವಾಗ ಮೆಲ್ಲನೆ ನೈರುತ್ಯಕ್ಕೆ ಬಾಗಿ ಗ್ರೀನ್‌ಲ್ಯಾಂಡ್ಸ್ ಸೇರುತ್ತದೆ. ಮೂಲೆಯಲ್ಲಿ ಗಕ್ಕನೆ ತಿರುಗಿದರೆ ಯಾರಿಗೂ ತಿಳಿಯುತ್ತದೆ. ಹೀಗೆ ನುಣ್ಣಗೆ ಬಾಗುವ ರಸ್ತೆ, ನೇರ ಹೋದೆವೆಂದು ನಂಬಿಸಿ ಬೇರೆಲ್ಲೋ ಇಳಿಸಿಬಿಡುತ್ತದೆ.

ಅಂಥ ಕಡೆ ಜನರನ್ನೇ ಕೇಳಬೇಕು. ಕೇಳಿ ಕೇಳಿ ನನಗೊಂದು ವಿದ್ಯೆ ಬಂತು: ಯಾರನ್ನು ಕೇಳಬೇಕು ಎಂಬುದು. ಆಟೋದವರಿಗೆ ರಸ್ತೆ ಗೊತ್ತು, ಮನೆ ಗೊತ್ತಿಲ್ಲ. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಅವನ ಗೇಟು ಗೊತ್ತು, ಎದುರಿನ ಗೇಟು ಪರದೇಶ. ಇರಾನಿ ಹೋಟೆಲಿನ ಗಲ್ಲಾದಲ್ಲಿ ಕೂತವರು ಕಣ್ಣಿಗೆ ಕಾಣುವಷ್ಟನ್ನು ನಿಖರವಾಗಿ ಹೇಳುತ್ತಾರೆ, ಅದರಾಚೆಗೆ ‘ಯಹೀಂಚ್ ಹೈ’. ಈ ಯಹೀಂಚ್ ಎದುರಿನ ಕಟ್ಟಡವೂ ಆಗಬಹುದು, ಒಂದು ಮೈಲಿಯೂ ಆಗಬಹುದು. ಗೊತ್ತಿಲ್ಲವೆಂದರೆ ಅತಿಥಿಗೆ ಅವಮಾನ ಮಾಡಿದಂತೆ ಎಂಬ ಹಳೆಯ ಹೈದರಾಬಾದಿ ಮರ್ಯಾದೆಯೂ ಇದರಲ್ಲಿ ಸೇರಿರುತ್ತದೆ. ಮಕ್ಕಳನ್ನು ಕೇಳಿದರೆ ಬಾಯಲ್ಲಿ ಹೇಳದೆ ಮುಂದೆ ಓಡುತ್ತಾರೆ, ನಾವು ಹಿಂದೆ ಓಡಬೇಕು. ಎಲ್ಲರಿಗಿಂತ ಖಚಿತವಾಗಿ ಹೇಳುವವರು ಇಸ್ತ್ರಿ ಡಬ್ಬಿಯವರು. ಬಟ್ಟೆ ತಲುಪಿಸಲು ಪ್ರತಿ ಮಹಡಿಯನ್ನೂ ಹತ್ತಿರುತ್ತಾರೆ, ಯಾವ ಮನೆಯಲ್ಲಿ ಯಾರು, ಈ ಹೊತ್ತಿಗೆ ಇದ್ದಾರೋ ಇಲ್ಲವೋ ಎಂಬುದನ್ನೂ ಸೇರಿಸಿ ಹೇಳುತ್ತಾರೆ.

ವಿಳಾಸದ ಚೀಟಿ ಇದ್ದರೆ ಇವರನ್ನೆಲ್ಲ ಕೇಳುವುದೇಕೆ ಎನ್ನಬಹುದು. ಹೈದರಾಬಾದಿನ ಹಳೆಯ ಮನೆ ನಂಬರು ಕಂಡವರು ಹಾಗೆನ್ನುವುದಿಲ್ಲ. ಅದರಲ್ಲಿ ವಾರ್ಡು, ಬ್ಲಾಕು, ಮನೆ ಎಂದು ಮೂರು ಅಂಕಿಗಳು, ನಡುವೆ ಅಡ್ಡಗೆರೆ. ಬೇಗಂಪೇಟೆಯ ಒಂದು ಭಾಗದಲ್ಲಿ 1-10 ಎಂದು ಶುರುವಾದರೆ ಗ್ರೀನ್‌ಲ್ಯಾಂಡ್ಸ್ ಕಡೆ 6-3. ದೊಡ್ಡ ಬಂಗಲೆಯ ಕಾಂಪೌಂಡು ಮಾರಾಟವಾಗಿ ಸೈಟುಗಳಾದಂತೆ ಹಳೆಯ ನಂಬರಿಗೇ ಓರೆಗೆರೆ ಹಾಕಿ ಎ, ಬಿ, ಮತ್ತೆ ಓರೆಗೆರೆ ಹಾಕಿ 1, 2 ಎಂದು ಬಾಲ ಬೆಳೆಯುತ್ತದೆ. ಬಾಲ ನೋಡಿದರೆ ಆ ಜಾಗ ಎಷ್ಟು ಸಲ ಪಾಲಾಗಿದೆಯೆಂದು ತಿಳಿಯಬಹುದು, ಅದು ಎಲ್ಲಿದೆಯೆಂದು ತಿಳಿಯುವುದಿಲ್ಲ. ಪಕ್ಕದ ನಂಬರು ಪಕ್ಕದಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ನಮ್ಮೂರಿನ ಚಕ್ಕುಬಂದಿಯ ಬೆಲೆ ನನಗೆ ಗೊತ್ತಾದದ್ದು ಈ ನಂಬರುಗಳ ನಡುವೆ ಅಲೆಯುವಾಗ.

ಒಮ್ಮೆ ಕುಂದನ್‌ಬಾಗ್ ಕಡೆ ಇಂಥದೊಂದು ನಂಬರು ಹಿಡಿದು ಸುತ್ತುತ್ತಾ, ಮನೆಯವರಿಗೆ ಫೋನಿನಲ್ಲಿ ಕನ್ನಡದಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ. ಗೇಟಿನ ಒಳಗಿದ್ದ ವಾಚ್‌ಮನ್ ಒಬ್ಬರು ಎದ್ದು ಬಂದರು. ‘ಯಾ ಊರಿನೋರ್ರಿ ಅಕ್ಕಾರ?’ ಬೀದರ್ ಜಿಲ್ಲೆಯವರು. ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿನವರಿಗೆ ಇಂದಿಗೂ ಇದು ಪರರಾಜ್ಯದ ಊರಲ್ಲ, ಅಜ್ಜನ ಕಾಲದಿಂದ ಹೋಗಿಬರುವ ಪಟ್ಟಣ. ಚೀಟಿಯನ್ನು ನೋಡಲೂ ಇಲ್ಲ. ಯಾರ ಮನೆ, ಏನು ಕೆಲಸದವರು ಎಂದು ಕೇಳಿ ತಿಳಿದು ಹೇಳಿದರು: ‘ಹಿಂಗ ಸೀದಾ ಹೋಗ್ರಿ, ಬೇವಿನ ಗಿಡ ಬರ್ತದ. ಅದರ ಬಾಜೂಕ ಇಸ್ತ್ರಿ ಡಬ್ಬಿ ಅದ. ಅಲ್ಲಿ ಬಲಕ್ಕ ಹೊಳ್ಳಬ್ಯಾಡ್ರಿ. ಎಲ್ಲಾರೂ ಅಲ್ಲೇ ಹೊಳ್ಳಿ ತಪ್ತಾರ. ಮುಂದಿನ ಸಂದಿನಾಗ ಹೊಳ್ರಿ.’

ದಾರಿ ಹೇಳುವುದು ಒಂದು ಕಲೆಯೆಂದು ನನಗೆ ಅನಿಸಿದ್ದು ಆ ‘ಹೊಳ್ಳಬ್ಯಾಡ್ರಿ’ ಕೇಳಿದಾಗ. ಗೊತ್ತಿರುವವರು ತಮಗೆ ಗೊತ್ತಿರುವುದನ್ನು ಹೇಳುತ್ತಾರೆ. ಗೊತ್ತಿಲ್ಲದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಊಹಿಸಿ ಹೇಳುವವರು ಅಪರೂಪ. ಆತ ಗೇಟಿನಲ್ಲಿ ಕೂತು, ಬಲಕ್ಕೆ ಹೊಳ್ಳಿ ಮುಖ ಸಪ್ಪಗೆ ಮಾಡಿಕೊಂಡು ಮರಳುವವರನ್ನೆಲ್ಲ ನೋಡಿದ್ದರು. ಅವರ ದಾರಿಯಲ್ಲಿ ಬೇವಿನ ಗಿಡದ ಜೊತೆಗೆ ಹಿಂದೆ ತಪ್ಪಿದವರ ಹೆಜ್ಜೆಯೂ ಲೆಕ್ಕಕ್ಕೆ ಬಂದಿತ್ತು. ‘ಯಾವ ಕಡೆಯಿಂದ ಬರುತ್ತಿದ್ದೀರಿ’ ಎಂಬ ಬೇಗಂಪೇಟೆಯ ಪ್ರಶ್ನೆಯ ಮೇಲಿದ್ದ ಸಿಟ್ಟು ಕಡಿಮೆಯಾದದ್ದೂ ಆಗಿನಿಂದಲೇ. ಕೇಳುವವರು ನನ್ನನ್ನು ಪರೀಕ್ಷೆ ಮಾಡುತ್ತಿಲ್ಲ, ತಮ್ಮ ಅಂಗಡಿಯಿಂದ ಎದ್ದು, ಮನಸ್ಸಿನಲ್ಲೇ ನಾನು ನಿಂತ ಜಾಗಕ್ಕೆ ಬಂದು ನಿಲ್ಲಲು ನೋಡುತ್ತಿದ್ದಾರೆ. ಎಡ ಬಲ ಎಂಬುವು ನಿಂತವರ ಮುಖ ನೋಡಿ ಬದಲಾಗುವ ಮಾತುಗಳು. ಕಡಲು ಕಾಣದ ಊರಿನಲ್ಲಿ ಅವುಗಳಿಗೆ ಅರ್ಥ ಬರಬೇಕಾದರೆ ಹೇಳುವವರು ಕೇಳುವವರ ಮೈಯೊಳಗೆ ಒಂದು ಗಳಿಗೆ ಹೊಗಬೇಕು.

ಇನ್ನು ಗುರುತುಗಳ ವಿಷಯ. ಯಾವುದನ್ನು ಗುರುತಾಗಿ ಹೇಳುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ಗಮನಿಸಲು ನನ್ನಷ್ಟು ಅವಕಾಶ ಬೇರೆಯವರಿಗೆ ಸಿಕ್ಕಿರಲಾರದು. ಬೇಗಂಪೇಟೆಯಲ್ಲಿ ಒಂದು ಹಳೆಯ ಕಟ್ಟಡವಿದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ಅಲ್ಲಿ. ಆ ಕೆಲಸಕ್ಕೆ 1902ರಲ್ಲಿ ನೊಬೆಲ್ ಬಂತು. ಸ್ಪೇನಿನ ಕಾರ್ಡೋವಾ ಮಸೀದಿಯನ್ನು ನೋಡಿ ಮೆಚ್ಚಿ ಬಂದ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ ಕಟ್ಟಿಸತೊಡಗಿದ, 1906ರಲ್ಲಿ ಮುಗಿದ ಸ್ಪ್ಯಾನಿಷ್ ಮಸೀದಿಯೂ ಇಲ್ಲೇ ಇದೆ. ಗುಮ್ಮಟಗಳಿಲ್ಲದ, ಮೊನಚು ಗೋಪುರಗಳ, ನೋಡಿದವರು ಮರೆಯಲಾರದ ಮಸೀದಿ. ಈ ಎರಡನ್ನೂ ಗುರುತಾಗಿ ಹಿಡಿದು ನನಗೆ ಯಾರೂ ದಾರಿ ಹೇಳಲಿಲ್ಲ. ಹೇಳುತ್ತಿದ್ದದ್ದು ಶ್ಯಾಮ್‌ಲಾಲ್ ಬಿಲ್ಡಿಂಗ್, ಲಾಲ್ ಬಂಗ್ಲಾ, ಲೈಫ್‌ಸ್ಟೈಲ್, ಪೆಟ್ರೋಲ್ ಬಂಕು. ನಗರಗಳು ಜನರ ಮನಸ್ಸಿನಲ್ಲಿ ಹೇಗೆ ಮೂಡುತ್ತವೆ ಎಂದು ಕೆವಿನ್ ಲಿಂಚ್ ಎಂಬ ಅಮೆರಿಕದ ನಗರಯೋಜಕರು 1960ರಲ್ಲಿ ಒಂದು ಪುಸ್ತಕ ಬರೆದರು. ಗುರುತಾಗಬೇಕಾದ ವಸ್ತು ಸುತ್ತಲಿನದರಿಂದ ಎದ್ದು ಕಾಣಬೇಕು ಎಂಬುದು ಅದರ ಒಂದು ಮಾತು. ರಾಸ್‌ನ ಕಟ್ಟಡವಾಗಲಿ ಮಸೀದಿಯಾಗಲಿ ಮುಖ್ಯರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಬಸ್ಸು ಅಲ್ಲಿ ನಿಲ್ಲುವುದಿಲ್ಲ, ಕಂಡಕ್ಟರು ಅದರ ಹೆಸರು ಕೂಗುವುದಿಲ್ಲ. ಲೋಕಕ್ಕೆ ದೊಡ್ಡದಾದದ್ದು ಬೀದಿಗೆ ಗುರುತಾಗಬೇಕೆಂದಿಲ್ಲ.

ಕಂಡಕ್ಟರು ಕೂಗಿದ ಹೆಸರಿಗಾದರೋ ಸಾವಿಲ್ಲ. ಪ್ಯಾರಡೈಸ್ ಮೊದಲು ಸಿನಿಮಾ ಟಾಕೀಸು, ಅದರೊಳಗೆ 1953ರಲ್ಲಿ ಒಂದು ಸಣ್ಣ ಕೆಫೆ ಶುರುವಾಯಿತು. ಟಾಕೀಸು ಹೋಯಿತು, ಬಿರಿಯಾನಿ ಉಳಿಯಿತು, ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಆ ಹೆಸರೇ ನಿಂತಿತು. ಸಿಕಂದರಾಬಾದಿನ ಸಂಗೀತ್ ಟಾಕೀಸನ್ನು ಕೆಡವಿದ ಮೇಲೂ ಚೌರಸ್ತಾ ಸಂಗೀತ್ ಆಗಿಯೇ ಇದೆ. ಲಕ್ಡೀಕಾಪೂಲ್‌ನಲ್ಲಿ ಮರದ ಸೇತುವೆ ಇಲ್ಲ, ಮಾಸಬ್ ಟ್ಯಾಂಕಿನಲ್ಲಿ ಕೆರೆ ಇಲ್ಲ. ಬೆಂಗಳೂರಿನವರಿಗೆ ಇದೇನೂ ಹೊಸದಲ್ಲ, ಅವರು ಇಲ್ಲದ ಮೆಜೆಸ್ಟಿಕ್ ಟಾಕೀಸಿನ ಹೆಸರಿನಲ್ಲಿ ದಿನಾ ಬಸ್ಸು ಹತ್ತುತ್ತಾರೆ. ಹುಟ್ಟಿ ಬೆಳೆದವರಿಗೆ ಇದು ಸಹಜ, ಹೊಸಬರಿಗೆ ಸಂಕಟ. ‘ಕೆರೆಯ ಹತ್ತಿರ ಇಳಿಯಿರಿ’ ಎಂದರೆ ನೀರು ಹುಡುಕುತ್ತಾ ಕೂರುವವರು ನಾವು. ಆದರೆ ಇಂಥ ಹೆಸರುಗಳಿಂದಲೇ ನಾನು ಹೈದರಾಬಾದನ್ನು ತಿಳಿದುಕೊಂಡೆ. ದಾರಿ ಚೆನ್ನಾಗಿ ಗೊತ್ತಿರುವವರು ಅಂಥ ಜಾಗಗಳನ್ನು ಮಾತಿಲ್ಲದೆ ದಾಟಿಹೋಗುತ್ತಾರೆ. ನಾನು ನಿಂತು, ಕೆರೆ ಎಲ್ಲಿ ಎಂದು ಕೇಳಿ, ಅದನ್ನು ಕಂಡ ಮುದುಕರಿಂದ ಅದರ ಕಥೆ ಕೇಳಿಸಿಕೊಂಡು ಹೋದವಳು.

2008ರ ಮಾರ್ಚ್ 23ರಂದು ಶಂಷಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾಯಿತು, ಬೇಗಂಪೇಟೆಯಿಂದ ಪ್ರಯಾಣಿಕರ ವಿಮಾನಗಳು ನಿಂತವು. ಮರುದಿನ ಇಡೀ ಬಡಾವಣೆ ಚೆನ್ನಾಗಿ ನಿದ್ದೆ ಮಾಡಿತೆಂದು ಕಚೇರಿಯಲ್ಲಿ ಸಂತೋಷಪಟ್ಟರು. ಮಾತಿನ ನಡುವೆ ತಡೆದು ನಿಲ್ಲುವ ಅಭ್ಯಾಸ ಮಾತ್ರ ಕೆಲವರಿಗೆ ಬಹಳ ದಿನ ಉಳಿದಿತ್ತು. ನನಗೆ ಬಡಗು ಮತ್ತೆ ಕಾಣೆಯಾಯಿತು. ಆಗೊಮ್ಮೆ ಈಗೊಮ್ಮೆ ಗಣ್ಯರ ವಿಮಾನ ಇಳಿದರೂ ಅದನ್ನು ನಂಬಿ ಸಂತೆಗೆ ಹೋಗಲಾಗುತ್ತದೆಯೇ? ಆ ಬೇಸಿಗೆಯಲ್ಲಿ ಊರಿನಿಂದ ಭಾವ ವಿಮಾನದಲ್ಲಿ ಬಂದರು. ಅವರ ಡೈರಿಯಲ್ಲಿ ನಾನು ಯಾವಾಗಲೋ ಬರೆಸಿದ ವಿಳಾಸದ ಕೆಳಗೆ ‘ಏರ್‌ಪೋರ್ಟಿನಿಂದ ಹತ್ತೇ ನಿಮಿಷ’ ಎಂದಿತ್ತು. ಟ್ಯಾಕ್ಸಿಯವನಿಗೆ ಹಾಗೆಯೇ ಹೇಳಿ, ಹತ್ತು ನಿಮಿಷಕ್ಕೊಮ್ಮೆ ‘ಬಂತಾ?’ ಎಂದು ಕೇಳುತ್ತಾ ಸುಮಾರು 30 ಕಿಲೋಮೀಟರ್ ಬಂದಿಳಿದರು. ಮನೆ ಹೊಸ್ತಿಲಲ್ಲೇ, ‘ನಿಮ್ಮ ಊರಿನ ನಿಮಿಷ ಸ್ವಲ್ಪ ಉದ್ದ ಮಾರಾಯ್ತಿ’ ಎಂದರು. ಬಾಡಿಗೆ ಎಷ್ಟಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಸ್ಸಿನಲ್ಲಿ ಮಾತ್ರ ಇವತ್ತಿಗೂ ಬೇಗಂಪೇಟೆಯದು ಏರ್‌ಪೋರ್ಟೇ, ಹಿಂದೊಂದು ‘ಓಲ್ಡ್’ ಸೇರಿಕೊಂಡಿದೆ ಅಷ್ಟೆ. ಪೈಗಾ ಅರಮನೆಯದೂ ಇದೇ ಪಾಡು. 2008ರಲ್ಲಿ ಅಲ್ಲಿಗೆ ಅಮೆರಿಕದ ಕಾನ್ಸುಲೇಟ್ ಬಂತು, ವೀಸಾಕ್ಕೆ ಬಂದವರಿಂದಾಗಿ ಅರಮನೆಯ ಹೆಸರು ಹಿಂದೆ ಸರಿದು ಕಾನ್ಸುಲೇಟೇ ಗುರುತಾಯಿತು. 2023ರಲ್ಲಿ ಅದು ನಾನಕ್‌ರಾಮ್‌ಗುಡಕ್ಕೆ ಹೋದ ಮೇಲೂ ಆಟೋದವರ ಬಾಯಲ್ಲಿ ಹೆಸರು ಉಳಿದಿದೆ.

ಆಮೇಲೆ ಫೋನಿನಲ್ಲಿ ನಕಾಶೆ ಬಂತು. ನನ್ನಂಥವರಿಗಾಗಿಯೇ ಯಾರೋ ತಪಸ್ಸು ಮಾಡಿ ವರ ತಂದರೆಂದುಕೊಂಡೆ. ಭಾರತದಲ್ಲಿ ರಸ್ತೆಯ ಹೆಸರು ಹೇಳಿದರೆ ಯಾರಿಗೂ ಪ್ರಯೋಜನವಿಲ್ಲ, ಜನ ನಂಬುವುದು ಗುರುತುಗಳನ್ನು ಎಂದು ಗೂಗಲ್‌ನವರು ಕಂಡುಕೊಂಡು, 2009ರ ಕೊನೆಗೆ ಇಲ್ಲಿನ ನಕಾಶೆಯ ದಾರಿಗಳಲ್ಲಿ ಅಂಗಡಿ, ಬಂಕು, ದೇವಸ್ಥಾನಗಳನ್ನು ಸೇರಿಸಿದರು. ಅಂದರೆ ಲೋಕಕ್ಕೆಲ್ಲ ದಾರಿ ತೋರಿಸುವವರು ನಮ್ಮ ಇಸ್ತ್ರಿ ಡಬ್ಬಿಯವರ ಪದ್ಧತಿಗೆ ಬಂದರು. ನೀಲಿ ಚುಕ್ಕೆ ನಾನಿರುವ ಜಾಗವನ್ನು ತೋರಿಸುತ್ತದೆ, ಯಾವ ಕಡೆಯಿಂದ ಬಂದೆ ಎಂದು ಕೇಳುವುದಿಲ್ಲ, ತಪ್ಪಿದರೆ ಗದರದೆ ಹೊಸ ದಾರಿ ಹಾಕಿಕೊಡುತ್ತದೆ. ಬೇಗಂಪೇಟೆಯಲ್ಲಿ ನಾನು ಕಳೆದುಹೋಗುವುದು ಕಡಿಮೆಯಾಗಿದೆ. ಕಲಿತಿದ್ದೇನೆಯೇ ಎಂದರೆ ಇಲ್ಲ, ಚಾರ್ಜು ಮುಗಿದ ದಿನ ಹಿಂದಿನ ಹಾಗೆಯೇ ನಿಲ್ಲುತ್ತೇನೆ. ಇಷ್ಟಾದರೂ ಊಟ ತರುವ ಹುಡುಗರು ಗೇಟಿನ ಹೊರಗೆ ಬಂದು ಫೋನು ಮಾಡುವುದು ತಪ್ಪಿಲ್ಲ. ‘ಮೇಡಂ, ಲೊಕೇಶನ್ ಇಲ್ಲೇ ತೋರಿಸ್ತಿದೆ, ಲ್ಯಾಂಡ್‌ಮಾರ್ಕ್ ಚೆಪ್ಪಂಡಿ.’ ಆಗ ನಾನು ಕೇಳುವುದು, ‘ಎಟ್ನುಂಚಿ ವಸ್ತುನ್ನವು ಬಾಬೂ?’

ಈಗ ಅವರಿಗೆ ಕೊಡಲು ಹೊಸದೊಂದು ಗುರುತಿದೆ. 2009ರಲ್ಲಿ ಮೆಹದಿಪಟ್ನಂ ಕಡೆಯಿಂದ ಪಿ.ವಿ. ನರಸಿಂಹರಾವ್ ಹೆಸರಿನ ಮೇಲುರಸ್ತೆ ಸಿದ್ಧವಾದಾಗ, 11 ಕಿಲೋಮೀಟರ್‌ಗೂ ಉದ್ದದ ಆ ರಸ್ತೆಯನ್ನು ಹೊತ್ತ ಕಂಬಗಳ ಮೇಲೆ ಎಂಜಿನಿಯರುಗಳು ತಮ್ಮ ಅನುಕೂಲಕ್ಕೆ ನಂಬರು ಬರೆದಿದ್ದರು. ಅದರ ಕೆಳಗಿನ ಅಂಗಡಿಗಳವರು ಅದನ್ನು ಎತ್ತಿಕೊಂಡು ಬೋರ್ಡಿನಲ್ಲೇ ಹಾಕಿಕೊಂಡರು: ಪಿಲ್ಲರ್ ನಂಬರ್ ಇಂಥದ್ದರ ಎದುರು. 2017ರ ನವೆಂಬರಿನಲ್ಲಿ ಮೆಟ್ರೋ ಓಡತೊಡಗಿದ ಮೇಲೆ ಆ ಪದ್ಧತಿ ಬೇಗಂಪೇಟೆಗೂ ಬಂತು. ಪ್ಯಾರಡೈಸ್, ರಸೂಲ್‌ಪುರ, ಪ್ರಕಾಶ್ ನಗರ, ಬೇಗಂಪೇಟೆ, ಅಮೀರ್‌ಪೇಟೆ ಎಂದು ನಿಲ್ದಾಣಗಳು ಸಾಲಾಗಿ ಸಿಗುತ್ತವೆ, ನಡುವೆ ನಂಬರಿಟ್ಟ ಕಂಬಗಳು. ಮದುವೆಯ ಕರೆಯೋಲೆಯಲ್ಲಿ, ದಂತವೈದ್ಯರ ಚೀಟಿಯಲ್ಲಿ, ಬಾಡಿಗೆಗಿದೆ ಎಂಬ ಫಲಕದಲ್ಲಿ ಪಿಲ್ಲರ್ ನಂಬರು ಕಾಣುತ್ತದೆ. ಕಚೇರಿಯ ಹಿರಿಯರಿಗೆ ಇದು ಒಗ್ಗುವುದಿಲ್ಲ. ಬಂಗಲೆ, ಟಾಕೀಸುಗಳ ಹೆಸರಿದ್ದ ಊರಿಗೆ ಕಾಂಕ್ರೀಟಿನ ನಂಬರು ಬಂತಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ.

ನನಗೆ ಆ ಬೇಸರವಿಲ್ಲ. ಕಂಬದ ನಂಬರು ಒಂದೊಂದೇ ಏರುತ್ತದೆ ಅಥವಾ ಇಳಿಯುತ್ತದೆ, ಎರಡು ಕಂಬ ನೋಡಿದರೆ ಸಾಕು, ಸರಿಯಾದ ಕಡೆಗೆ ಹೋಗುತ್ತಿದ್ದೇನೆಯೇ ಎಂಬುದು ನನ್ನಂಥವಳಿಗೂ ತಿಳಿಯುತ್ತದೆ. ರಸ್ತೆ ನುಣ್ಣಗೆ ಬಾಗಿದರೂ ನಂಬರು ಬಾಗುವುದಿಲ್ಲ. ಅದು ಬರೀ ನಂಬರಾಗಿ ಉಳಿಯುವುದೂ ಇಲ್ಲ. ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಂಜೆ ಯಾವ ಪಿಲ್ಲರಿನ ಕೆಳಗೆ ಮಿರ್ಚಿ ಬಜ್ಜಿ ಚೆನ್ನಾಗಿರುತ್ತದೆ, ಯಾವುದರ ಕೆಳಗೆ ಮಳೆಗೆ ನಿಲ್ಲಬಹುದು ಎಂದು ಮಾತಾಡುವಾಗ ಹೆಸರು ಹೇಳುವುದೇ ಇಲ್ಲ, ಕೊನೆಯ ಎರಡಂಕಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಲಕ್ಡೀಕಾಪೂಲ್ ಕೂಡ ಮೊದಲು ಬರೀ ಮರದ ಸೇತುವೆಯೇ ಆಗಿತ್ತಲ್ಲವೇ? ಮುಂದೆಂದೋ ಈ ಮೆಟ್ರೋ ಹಳತಾಗಿ ಕಂಬಗಳನ್ನು ತೆಗೆದರೂ ಈ ಮಕ್ಕಳು ಮುದುಕರಾಗಿ ಆ ನಂಬರು ಹೇಳಿಯೇ ದಾರಿ ತೋರಿಸುತ್ತಾರೆ. ಊರಿಗೆ ಹೊಸದಾಗಿ ಬಂದ ಯಾರೋ ಒಬ್ಬರು, ಇಲ್ಲದ ಕಂಬವನ್ನು ಹುಡುಕುತ್ತಾ, ಅದು ಎಲ್ಲಿತ್ತೆಂದು ಕೇಳುತ್ತಾರೆ.